ರುಚಿ ಕಲಿಯುವ ನಾಲಗೆ

ಹುಟ್ಟಿ ಒಂದೆರಡು ದಿನವಾದ ಕೂಸಿನ ನಾಲಗೆಗೆ ಸಿಹಿ ನೀರಿನ ಹನಿ ತಾಗಿದರೆ ಅದು ಚಪ್ಪರಿಸುತ್ತದೆ. ಕಹಿ ತಾಗಿದರೆ ಮುಖ ಕಿವುಚಿ ಉಗುಳುತ್ತದೆ. ಉಪ್ಪಿನ ಒಲವು ಕಾಣಿಸಿಕೊಳ್ಳುವುದು ಸುಮಾರು ನಾಲ್ಕು ತಿಂಗಳ ಹೊತ್ತಿಗೆ. ಮನುಷ್ಯ ಹುಟ್ಟುವಾಗ ತರುವ ರುಚಿಯ ಬಂಡವಾಳ ಹೆಚ್ಚುಕಡಿಮೆ ಇಷ್ಟೇ. ಇದಕ್ಕೆ ಕಾರಣವೂ ಇದೆ. ತಾಯಿಯ ಹಾಲು ಸಿಹಿ, ಮಾಗಿದ ಹಣ್ಣು ಸಿಹಿ. ಸಸ್ಯಗಳ ವಿಷ ಬಹುಪಾಲು ಕಹಿ. ಮಿಕ್ಕಿದ್ದೆಲ್ಲ ಕಲಿತದ್ದು. ಮಂಡ್ಯದ ಮಗು ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯುತ್ತದೆ, ಬಾಗಲಕೋಟೆಯ ಮಗು ಖಡಕ್ ರೊಟ್ಟಿಯನ್ನು ಕಡಿಯುವುದನ್ನು ಕಲಿಯುತ್ತದೆ, ಕುಂದಾಪುರದ ಮಗುವಿಗೆ ಕುಚ್ಚಲಕ್ಕಿ ಗಂಜಿಯ ವಾಸನೆಯೇ ಹಸಿವನ್ನು ಎಬ್ಬಿಸುತ್ತದೆ. ಈ ಮೂವರನ್ನು ಎಳವೆಯಲ್ಲೇ ಅದಲುಬದಲು ಮಾಡಿದರೆ ನಾಲಗೆಯೂ ಅದಲುಬದಲಾಗುತ್ತದೆ.

ನಾಲಗೆಗೆ ಹುಟ್ಟುಗುಣವೇ ಇಲ್ಲವೆಂದಲ್ಲ. 1931ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿಗೆ ಬಾಯೆಲ್ಲ ಕಹಿ, ಫಾಕ್ಸ್‌ಗೆ ಏನೂ ಇಲ್ಲ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾದ ಜೀನ್ 2003ರಲ್ಲಿ ಗೊತ್ತಾಯಿತು. ಎಲೆಕೋಸು, ಮೂಲಂಗಿಯಂಥ ತರಕಾರಿಗಳ ಕಹಿ ಒಂದೇ ಮನೆಯ ಅಣ್ಣನಿಗೆ ತಿಳಿಯದೆ ತಂಗಿಗೆ ಗಾಢವಾಗಿ ತಿಳಿಯಬಹುದು. ‘ನಿನ್ನ ಅಣ್ಣ ತಿನ್ನೋದಿಲ್ವಾ, ನಿನಗೇನು?’ ಎಂಬ ಗದರಿಕೆಗೆ ವಿಜ್ಞಾನದ ಬೆಂಬಲವಿಲ್ಲ. ಆದರೂ ಜೀನ್ ಹಾಕುವುದು ಗೆರೆ ಮಾತ್ರ. ಆ ಗೆರೆಯೊಳಗೆ ಬಣ್ಣ ತುಂಬುವುದು ಮನೆ.

ಕಲಿಕೆ ಗರ್ಭದಲ್ಲೇ ಶುರುವಾಗುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಗರ್ಭಿಣಿಯರ ಒಂದು ಗುಂಪಿಗೆ ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕೊಟ್ಟರು, ಇನ್ನೊಂದು ಗುಂಪಿಗೆ ಹಾಲೂಡಿಸುವ ಅವಧಿಯಲ್ಲಿ ಕೊಟ್ಟರು, ಮೂರನೆಯ ಗುಂಪಿಗೆ ಬರೀ ನೀರು. ಮಕ್ಕಳು ಗಟ್ಟಿ ಆಹಾರ ಶುರುಮಾಡಿದಾಗ ಮೊದಲೆರಡು ಗುಂಪಿನವು ಕ್ಯಾರೆಟ್ ವಾಸನೆಯ ಅಂಬಲಿಗೆ ಮುಖ ಕಿವುಚಿದ್ದು ಕಡಿಮೆ. 2001ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೂ ಹತ್ತು ವರ್ಷ ಮೊದಲೇ, ತಾಯಿ ತಿಂದ ಬೆಳ್ಳುಳ್ಳಿಯ ವಾಸನೆ ಎದೆಹಾಲಿಗೆ ಇಳಿಯುತ್ತದೆಂದು ಅದೇ ಸಂಸ್ಥೆ ತೋರಿಸಿತ್ತು. ಕನ್ನಡನಾಡಿನ ಬಾಣಂತಿಯರಿಗೆ ಬೆಳ್ಳುಳ್ಳಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು ಕೊಡುವ ರೂಢಿಯನ್ನು ಈ ಬೆಳಕಿನಲ್ಲಿ ನೋಡಬಹುದು. ಆದರೆ ಹಲವು ಮನೆಗಳಲ್ಲಿ ಇದರ ಜೊತೆಗೇ ಉದ್ದನೆಯ ‘ನಂಜು’ ಪಟ್ಟಿಯೂ ಇರುತ್ತದೆ: ಹಣ್ಣು ಬೇಡ, ತರಕಾರಿ ಬೇಡ, ನೀರನ್ನೂ ಅಳೆದು ಕುಡಿ. ಅದರಿಂದ ತಾಯಿಗಾಗುವ ನಷ್ಟ ಗೊತ್ತಿರುವುದೇ; ಕೂಸಿಗೆ ಆಗುವ ನಷ್ಟ, ಅದು ಸವಿಯಬಹುದಾಗಿದ್ದ ನಾನಾ ರುಚಿಗಳು.

ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಬರುವ ರಾಗಿ ಸರಿಯಲ್ಲಿ ಹಳೆಯ ಕಾಲದ ಒಳ್ಳೆಯ ಆಹಾರ ವಿಜ್ಞಾನವಿದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ತೆಗೆದ ಹಿಟ್ಟು ಅದು. ಮೊಳೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ತುಂಡರಿಸುವುದರಿಂದ ಸರಿ ಗಂಟುಕಟ್ಟದೆ ತೆಳುವಾಗಿ ಬರುತ್ತದೆ. ಅಂದರೆ ಪುಟ್ಟ ಹೊಟ್ಟೆಗೆ ನೀರು ಕಡಿಮೆ, ಹಿಟ್ಟು ಹೆಚ್ಚು ಹೋಗುತ್ತದೆ. ಕಬ್ಬಿಣ, ಸತುಗಳನ್ನು ಕಟ್ಟಿಹಾಕುವ ಫೈಟೇಟ್ ಕೂಡ ಮೊಳಕೆಯಲ್ಲಿ ತಗ್ಗುತ್ತದೆ. ಕೆಡಿಸುವುದು ಅದಕ್ಕೆ ಸುರಿಯುವ ಸಕ್ಕರೆ. ಎರಡು ವರ್ಷ ತುಂಬುವವರೆಗೆ ಮಗುವಿನ ಆಹಾರಕ್ಕೆ ಸಕ್ಕರೆ ಸೇರಿಸಬಾರದೆಂಬುದು ಇಂದಿನ ಸಾಮಾನ್ಯ ಸಲಹೆ. ಸಿಹಿಯನ್ನು ಮಗುವಿಗೆ ಯಾರೂ ಕಲಿಸಬೇಕಿಲ್ಲ, ಅದು ಬರುವಾಗಲೇ ಕಲಿತು ಬಂದಿರುತ್ತದೆ. ಈ ತಿಂಗಳುಗಳು ಕಲಿಯದ ರುಚಿಗಳಿಗೆ ಮೀಸಲಾಗಬೇಕು: ಬೆಂದ ಕುಂಬಳ, ಹೆಸರುಬೇಳೆ, ಮಸೆದ ಸೊಪ್ಪು, ಹುಳಿಯಿಲ್ಲದ ಮೊಸರು.

ಒಂದೂವರೆ, ಎರಡು ವರ್ಷವಾಗುತ್ತಿದ್ದಂತೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದ ಮಗು ದಿಢೀರನೆ ಹಟ ಹಿಡಿಯುತ್ತದೆ. ನಿನ್ನೆ ತಿಂದ ಬೀನ್ಸ್ ಇವತ್ತು ಬೇಡ. ಹೊಸ ಆಹಾರದ ಈ ಅಂಜಿಕೆ ಎರಡರಿಂದ ಆರು ವರ್ಷದ ನಡುವೆ ಹೆಚ್ಚು. ಓಡಾಡಲು ಕಲಿತು, ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಪ್ರಾಣಿಗೆ ಪರಿಚಯವಿಲ್ಲದ್ದನ್ನು ಅನುಮಾನಿಸುವುದು ಕ್ಷೇಮವೇ. ಇದಕ್ಕೆ ಮದ್ದನ್ನು ಅಮೆರಿಕದ ಮನೋವಿಜ್ಞಾನಿ ಲೀನ್ ಬರ್ಚ್ 1980ರ ದಶಕದಲ್ಲಿ ಅಳೆದು ತೋರಿಸಿದರು. ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳನ್ನು ಕೊಟ್ಟಾಗ, ಹೆಚ್ಚು ಸಲ ರುಚಿ ನೋಡಿದ ತಿನಿಸನ್ನೇ ಅವು ಹೆಚ್ಚು ಮೆಚ್ಚಿದವು. ಮೆಚ್ಚುಗೆ ಹುಟ್ಟಲು ಎಂಟು-ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲದ ಪರಿಚಯ ಬೇಕಾಗುತ್ತದೆ. ಕಣ್ಣಿಗೆ ಕಂಡರೆ ಸಾಲದು, ನಾಲಗೆಗೆ ತಾಗಬೇಕು. ಬಹಳಷ್ಟು ಮನೆಗಳಲ್ಲಿ ಮೂರನೆಯದೋ ನಾಲ್ಕನೆಯದೋ ಸಲಕ್ಕೆ ‘ಇವನಿಗೆ ಬೀಟ್‌ರೂಟ್ ಆಗೋಲ್ಲ’ ಎಂಬ ತೀರ್ಪು ಹೊರಬಿದ್ದಿರುತ್ತದೆ, ಮತ್ತು ಅಜ್ಜಿ ಅದನ್ನು ಬಂದವರಿಗೆಲ್ಲ ಹೇಳಿರುತ್ತಾರೆ. ಅಲ್ಲಿಂದ ಮುಂದೆ ಆ ಮಗುವಿನ ತಟ್ಟೆಗೆ ಬೀಟ್‌ರೂಟ್ ಬರುವುದೇ ನಿಲ್ಲುತ್ತದೆ, ತೀರ್ಪು ತಾನಾಗಿ ನಿಜವಾಗುತ್ತದೆ. ಎದುರಿಗೆ ಕೂತವರು ತಾವೂ ತಿನ್ನುತ್ತಿದ್ದರೆ ಮಗು ಹೊಸದನ್ನು ಬಾಯಿಗಿಡುವ ಸಂಭವ ಹೆಚ್ಚು. ಬರೀ ಮುಂದಿಟ್ಟು ‘ತಿನ್ನು’ ಎಂದರೆ ಕಡಿಮೆ ಎಂದು 1975ರ ಒಂದು ಅಧ್ಯಯನ ಕಂಡಿತ್ತು. ಅಪ್ಪ ಹಾಗಲಕಾಯಿ ಗೊಜ್ಜನ್ನು ತಟ್ಟೆಯ ಅಂಚಿಗೆ ಸರಿಸುವುದು ಮಗುವಿನ ಕಣ್ಣಿಗೆ ಬೀಳದೆ ಹೋಗುವುದಿಲ್ಲ.

ಆಹಾರದಲ್ಲಿ ಲಂಚ, ಬಲವಂತ, ನಿಷೇಧ ಮೂರೂ ತಿರುಗುಬಾಣ. ಒಂದು ಪಾನೀಯ ಕುಡಿದರೆ ಬಹುಮಾನ ಎಂದು ಹೇಳಿ ಕುಡಿಸಿದ ಮಕ್ಕಳಿಗೆ ಆಮೇಲೆ ಆ ಪಾನೀಯದ ಮೇಲಿನ ಒಲವು ತಗ್ಗಿದ್ದನ್ನು ಬರ್ಚ್ 1984ರಲ್ಲಿ ವರದಿ ಮಾಡಿದರು. ‘ಪಲ್ಯ ತಿಂದರೆ ಐಸ್‌ಕ್ರೀಮ್’ ಎನ್ನುವಾಗ ಮಗು ಕಲಿಯುವ ಪಾಠ, ಪಲ್ಯ ಒಂದು ಶಿಕ್ಷೆ ಎಂಬುದು. 2006ರ ಇನ್ನೊಂದು ಅಧ್ಯಯನದಲ್ಲಿ ಸೂಪ್ ಕುಡಿಯುವ ಮಕ್ಕಳಿಗೆ ‘ಮುಗಿಸು, ಮುಗಿಸು’ ಎಂದು ಹೇಳುತ್ತ ಹೋದಾಗ, ಏನೂ ಹೇಳದೆ ಬಿಟ್ಟ ಮಕ್ಕಳಿಗಿಂತ ಅವರು ಕಡಿಮೆ ಕುಡಿದರು, ಸೂಪನ್ನು ಹೆಚ್ಚು ಬೈದರು. ನಿಷೇಧದ ಕಥೆ ಇನ್ನೂ ಸ್ವಾರಸ್ಯದ್ದು. 1999ರ ಪ್ರಯೋಗದಲ್ಲಿ ಒಂದು ಬಗೆಯ ತಿಂಡಿಯನ್ನು ಗಾಜಿನಂತೆ ಒಳಗಿನದು ಕಾಣುವ ಡಬ್ಬದಲ್ಲಿ ಮೇಜಿನ ನಡುವೆ ಇಟ್ಟು, ಸ್ವಲ್ಪ ಹೊತ್ತು ಮಾತ್ರ ಮುಟ್ಟಗೊಟ್ಟರು. ಅದೇ ಬಗೆಯ ಮತ್ತೊಂದು ತಿಂಡಿಗೆ ತಡೆಯಿರಲಿಲ್ಲ. ಮಕ್ಕಳ ಮನಸ್ಸು, ಮಾತು, ಕೈ ಎಲ್ಲ ಡಬ್ಬದ ಕಡೆಗೇ. ಅಟ್ಟದ ಮೇಲೆ ಕಾಣುವಂತೆ ಚಕ್ಕುಲಿ ಡಬ್ಬ ಇಟ್ಟು ‘ಮುಟ್ಟಬೇಡ’ ಎನ್ನುವ ಮನೆ ಈ ಪ್ರಯೋಗವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ.

ಹಸಿವಿನ ಅಳತೆಯನ್ನು ಮಗು ಮೊದಮೊದಲು ಒಳಗಿನಿಂದಲೇ ಬಲ್ಲದು. ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯಲ್ಲಿ ಊಟ ಬಡಿಸಿದಾಗ ಮೂರು ವರ್ಷದವರು ಯಾವಾಗಲೂ ಹೆಚ್ಚುಕಡಿಮೆ ಒಂದೇ ಪ್ರಮಾಣ ತಿಂದರು. ಐದು ವರ್ಷದವರು ಹೆಚ್ಚು ಬಡಿಸಿದಂತೆ ಹೆಚ್ಚು ತಿಂದರು. ಬಾರ್ಬರಾ ರೋಲ್ಸ್ ಮತ್ತು ಬರ್ಚ್ ಸೇರಿ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಇದು. ನಡುವಿನ ವರ್ಷಗಳಲ್ಲಿ ಮಗು ಹೊಟ್ಟೆಯ ಮಾತು ಬಿಟ್ಟು ತಟ್ಟೆಯ ಮಾತು ಕೇಳಲು ಕಲಿತಿರುತ್ತದೆ. ಚಂದಮಾಮನನ್ನು ತೋರಿಸುತ್ತ, ಈಗೀಗ ಮೊಬೈಲ್ ತೋರಿಸುತ್ತ, ಇನ್ನೊಂದು ತುತ್ತು ತುರುಕುವ ಪ್ರೀತಿ ಈ ಕಲಿಕೆಯ ಮೊದಲ ಮೇಷ್ಟ್ರು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿದ ಕೆಲಸದ ಹಂಚಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ; ತಿನ್ನಬೇಕೇ, ಎಷ್ಟು ಎಂಬುದು ಮಗುವಿನ ತೀರ್ಮಾನ.

ಮಗುವಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಗತಿಯೇನು ಎಂಬ ಪ್ರಶ್ನೆಗೆ 1920ರ ದಶಕದಲ್ಲೇ ಉತ್ತರ ಹುಡುಕಿದವರು ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್. ಆಗ ತಾನೇ ಹಾಲು ಬಿಡಿಸಿದ ಹದಿನೈದು ಕೂಸುಗಳನ್ನು ಅವರು ವರ್ಷಗಟ್ಟಲೆ ನೋಡಿಕೊಂಡರು. ಮಕ್ಕಳ ಮುಂದಿಡುತ್ತಿದ್ದುದು 34 ಆಹಾರಗಳ ಪಟ್ಟಿಯಿಂದ ಆರಿಸಿದವನ್ನು: ಹಾಲು, ಮೊಟ್ಟೆ, ಮಾಂಸ, ಮೀನು, ಯಕೃತ್ತು, ಮೂಳೆಯ ಮಜ್ಜೆ, ಗೋಧಿ, ಓಟ್ಸ್, ಬಾಳೆಹಣ್ಣು, ಸೇಬು, ಬೀಟ್‌ರೂಟ್, ಪಾಲಕ್, ಆಲೂಗಡ್ಡೆ ಇತ್ಯಾದಿ. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಕೈ ಚಾಚಿದ್ದನ್ನು ಮಾತ್ರ ಕೊಡಬೇಕು, ‘ಇದು ಒಳ್ಳೆಯದು’ ಎಂಬ ಇಂಗಿತವೂ ಕೂಡದು. ಮಕ್ಕಳ ಆಯ್ಕೆ ನೋಡಲು ವಿಚಿತ್ರವಾಗಿತ್ತು. ಒಂದು ಬೆಳಗಿನ ತಿಂಡಿ ಎಂದರೆ ಅರ್ಧ ಲೀಟರಿನಷ್ಟು ಕಿತ್ತಳೆ ರಸ ಮತ್ತು ಯಕೃತ್ತು. ಒಂದು ರಾತ್ರಿಯೂಟ ಎಂದರೆ ಹಲವು ಮೊಟ್ಟೆ, ಬಾಳೆಹಣ್ಣು, ಹಾಲು. ಯಾವ ಇಬ್ಬರ ಆಯ್ಕೆಯೂ ಒಂದೇ ಆಗಿರಲಿಲ್ಲ. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದರು. ರಿಕೆಟ್ಸ್ ಇದ್ದ ಒಂದು ಮಗುವಿನ ತಟ್ಟೆಯಲ್ಲಿ ಕಾಡ್ ಮೀನಿನೆಣ್ಣೆಯನ್ನೂ ಇಟ್ಟಿದ್ದರು. ಕಾಯಿಲೆ ವಾಸಿಯಾಗುವವರೆಗೆ ಅದು ಆಗಾಗ ಆ ಎಣ್ಣೆಯನ್ನು ತಾನಾಗಿ ಕುಡಿಯಿತು.

ಮಕ್ಕಳಿಗೆ ದೇಹದ ಬುದ್ಧಿ ಇದೆ, ಬೇಕಾದ್ದನ್ನು ತಿನ್ನಲು ಬಿಡಿ ಎಂದು ಈ ಪ್ರಯೋಗವನ್ನು ಎಷ್ಟೋ ಜನ ತಪ್ಪಾಗಿ ಓದಿದರು. ಡೇವಿಸ್ ಸ್ವತಃ ಹೇಳಿದ್ದು ಬೇರೆ: ಇದರ ಗುಟ್ಟು ಆಹಾರದ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ ಸಕ್ಕರೆ ಇರಲಿಲ್ಲ, ಮೈದಾ ಇರಲಿಲ್ಲ, ಕರಿದದ್ದಿರಲಿಲ್ಲ. ಏನು ಆರಿಸಿದರೂ ಕೆಡುಕಾಗದಂತೆ ದೊಡ್ಡವರು ಮೊದಲೇ ಆರಿಸಿಬಿಟ್ಟಿದ್ದರು. ಮನೆಮಂದಿಯ ಆಹಾರ ಪದ್ಧತಿ ತಿದ್ದುವ ಕೆಲಸವೂ ಊಟದ ಹೊತ್ತಿನಲ್ಲಿ ನಡೆಯುವಂಥದ್ದಲ್ಲ. ಅದು ನಡೆಯುವುದು ದಿನಸಿ ಚೀಟಿ ಬರೆಯುವಾಗ.

ದಿನಸಿ ಚೀಟಿ ಒಳ್ಳೆಯ ಅಳತೆಗೋಲು ಕೂಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ದಿನಕ್ಕೆ 2000 ಕಿಲೊಕ್ಯಾಲರಿ ಬೇಕಾದವರಿಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಬೀಜಗಳು, 27 ಗ್ರಾಂ ಎಣ್ಣೆ-ಕೊಬ್ಬು ಎನ್ನುತ್ತದೆ. ಉಪ್ಪು 5 ಗ್ರಾಂ ದಾಟಬಾರದು, ಸಕ್ಕರೆ 25 ಗ್ರಾಂ ಒಳಗಿರಬೇಕು. ಗ್ರಾಂ ಲೆಕ್ಕದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಆದ್ದರಿಂದ ಇದನ್ನು ನಾಲ್ವರು ವಯಸ್ಕರ ಮನೆಯ ತಿಂಗಳ ಲೆಕ್ಕಕ್ಕೆ ತಿರುಗಿಸಬೇಕು. ಧಾನ್ಯ 30 ಕಿಲೊ, ಬೇಳೆಕಾಳು 10 ಕಿಲೊ, ಎಣ್ಣೆ ಮೂರೂವರೆ ಲೀಟರ್, ಸಕ್ಕರೆ-ಬೆಲ್ಲ ಸೇರಿ ಹೆಚ್ಚೆಂದರೆ 3 ಕಿಲೊ, ಉಪ್ಪು 600 ಗ್ರಾಂ. ತರಕಾರಿ ವಾರಕ್ಕೆ 11 ಕಿಲೊ. ಕಳೆದ ತಿಂಗಳ ಚೀಟಿಯನ್ನು ಇದರ ಪಕ್ಕದಲ್ಲಿಟ್ಟರೆ ಬಹುಪಾಲು ಮನೆಗಳ ಚಿತ್ರ ಒಂದೇ ತೆರನಾಗಿ ಕಾಣುತ್ತದೆ: ಅಕ್ಕಿ, ಎಣ್ಣೆ, ಸಕ್ಕರೆ ಮೇಲೆ, ಬೇಳೆಕಾಳು, ತರಕಾರಿ ಕೆಳಗೆ. ಒಂದು ಕಿಲೊ ಉಪ್ಪಿನ ಪೊಟ್ಟಣ ತಿಂಗಳಿಗೆ ಖಾಲಿಯಾಗುತ್ತಿದ್ದರೆ ತಲೆಗೆ ದಿನಕ್ಕೆ ಎಂಟು ಗ್ರಾಂ ದಾಟಿತು. ಅಂಗಡಿಯ ಹಪ್ಪಳ, ಹೋಟೆಲಿನ ಸಾಂಬಾರು, ಬೇಕರಿಯ ಖಾರದ ಬನ್ನಿನ ಉಪ್ಪು ಆ ಲೆಕ್ಕದ ಹೊರಗೆ.

ಉಪ್ಪನ್ನು ಇಳಿಸಿದರೆ ಊಟ ಸಪ್ಪೆ ಎಂಬ ದೂರು ನಿಜ, ಆದರೆ ತಾತ್ಕಾಲಿಕ. ಉಪ್ಪು ಕಡಿಮೆ ಮಾಡಿದ ಆಹಾರವನ್ನು ಐದು ತಿಂಗಳು ಉಂಡವರ ನಾಲಗೆ ಕಡಿಮೆ ಉಪ್ಪಿನ ಸೂಪನ್ನೇ ಹೆಚ್ಚು ಮೆಚ್ಚತೊಡಗಿದ್ದನ್ನು ಮೊನೆಲ್ ಸಂಸ್ಥೆಯ ಸಂಶೋಧಕರು 1982ರಲ್ಲೇ ತೋರಿಸಿದರು. ಬದಲಾವಣೆಗೆ ಎರಡು-ಮೂರು ತಿಂಗಳು ಹಿಡಿಯುತ್ತದೆ. ಹಾಗಾಗಿ ಒಂದೇ ದಿನ ಅರ್ಧಕ್ಕಿಳಿಸಿ ಮನೆಯಲ್ಲಿ ಜಗಳ ತರುವ ಬದಲು, ಸಾರಿಗೆ ಹಾಕುವ ಉಪ್ಪನ್ನು ವಾರವಾರಕ್ಕೆ ಚಿಟಿಕೆಯಷ್ಟು ತಗ್ಗಿಸಿ, ನಿಂಬೆ, ಹುಣಸೆ, ಮೆಣಸು, ಕೊತ್ತಂಬರಿಯಿಂದ ರುಚಿ ಕಟ್ಟಬಹುದು. ಜೋಳದ ರೊಟ್ಟಿಗೆ, ಅನ್ನಕ್ಕೆ ಉಪ್ಪಿಲ್ಲದಿರುವುದು ನಮ್ಮ ಊಟದ ಒಂದು ಅನುಕೂಲ. ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟಿನ ದಿನ ಅದು ಕೈತಪ್ಪುತ್ತದೆ. ಬಳಸುವ ಅಷ್ಟು ಉಪ್ಪು ಅಯೋಡಿನ್ ಇರುವುದೇ ಆಗಿರಬೇಕು. ಸೋಡಿಯಂ ಬದಲು ಪೊಟ್ಯಾಸಿಯಂ ಬೆರೆಸಿದ ಉಪ್ಪು ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯಕಾರಿ, ಅದನ್ನು ವೈದ್ಯರನ್ನು ಕೇಳದೆ ತರುವಂತಿಲ್ಲ.

ಸಕ್ಕರೆಯ ಲೆಕ್ಕವೂ ಹಾಗೆಯೇ ಡಬ್ಬದ ಹೊರಗೆ ಹರಡಿಕೊಂಡಿದೆ. ಚಹಾದ ಜೊತೆಯ ಬಿಸ್ಕತ್ತು, ಮಕ್ಕಳ ಹಾಲಿಗೆ ಬೆರೆಸುವ ಪುಡಿ, ಸಾಸ್, ಬಾಟಲಿಯ ಜ್ಯೂಸ್. ಇಂಥ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಲ್ಲಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಆಹಾರ ಸುರಕ್ಷತೆಯ ಕಾನೂನಿನಲ್ಲಿ ಅಂಥದ್ದೊಂದು ವರ್ಗವೇ ಇಲ್ಲ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಕಂದು ಬಣ್ಣದ ಬ್ರೆಡ್ಡಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ, ಕೊನೆಯಲ್ಲೆಲ್ಲೋ ಕ್ಯಾರಮೆಲ್ ಬಣ್ಣ ಇದ್ದರೆ ಮುಂದೆ ಓದಬೇಕಾದ್ದಿಲ್ಲ. 2019ರಲ್ಲಿ ಕೆವಿನ್ ಹಾಲ್ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಇಪ್ಪತ್ತು ಜನರಿಗೆ ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರವನ್ನೂ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಸರಿಸಮವಿತ್ತು, ತಿನ್ನುವುದು ಅವರವರ ಇಷ್ಟ. ಅತಿಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಹೆಚ್ಚು ತಿಂದರು, ಸರಾಸರಿ 0.9 ಕಿಲೊ ತೂಕ ಏರಿಸಿಕೊಂಡರು. ಅದು ಮೆತ್ತಗಿರುವುದರಿಂದ ಬೇಗ ಬೇಗ ನುಂಗಿಸಿಕೊಳ್ಳುತ್ತದೆ. ಸಾಕೆಂಬ ಸುದ್ದಿ ಮಿದುಳಿಗೆ ಮುಟ್ಟುವಷ್ಟರಲ್ಲಿ ತಟ್ಟೆ ಬರಿದಾಗಿರುತ್ತದೆ.

ಒಳ್ಳೆಯದು ಎಂಬ ಹೆಸರಿದ್ದ ಮಾತ್ರಕ್ಕೆ ಅಳತೆ ಬೇಡವೆಂದಲ್ಲ. ರಾಗಿಯಲ್ಲಿ 100 ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಆದರೆ ಅದರ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಸಕ್ಕರೆ ಕಾಯಿಲೆಯವರಿಗೆ ರಾಗಿಮುದ್ದೆ ಎಷ್ಟಾದರೂ ಆದೀತೆಂಬ ನಂಬಿಕೆಗೆ ಬುಡವಿಲ್ಲ. ಮುದ್ದೆಯ ಗಾತ್ರ ಇಳಿದು, ಪಕ್ಕದ ಬಟ್ಟಲಿನ ಕಾಳು-ಸೊಪ್ಪು ಏರಬೇಕು. ಊಟದ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆಯ ಹನ್ನೊಂದು ಜನರ ಮೇಲೆ ನ್ಯೂಯಾರ್ಕಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ, ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ ರಕ್ತದ ಸಕ್ಕರೆ ಸ್ಪಷ್ಟವಾಗಿ ಕಡಿಮೆ ಏರಿತು. ಬಾಳೆಲೆಗೆ ಕೋಸಂಬರಿ, ಪಲ್ಯ ಮೊದಲು ಬಂದು ಅನ್ನ ತಡವಾಗಿ ಬರುವ ಪದ್ಧತಿ ಇದಕ್ಕೆ ಹೇಳಿಮಾಡಿಸಿದಂತಿದೆ. ಒಂದು ಚಮಚ ಕೋಸಂಬರಿ ಒಂದು ಬಟ್ಟಲಾದರೆ.

ಬಸ್ಸಾರಿನ ಜಾಣತನವನ್ನೂ ಇಲ್ಲಿ ಹೇಳಬೇಕು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಫೋಲೇಟ್, ಪೊಟ್ಯಾಸಿಯಂಗಳಂಥ ನೀರಿನಲ್ಲಿ ಕರಗುವ ಅಂಶಗಳು ಇಳಿದಿರುತ್ತವೆ. ಬಸ್ಸಾರು ಅದನ್ನು ಚೆಲ್ಲದೆ ಸಾರು ಮಾಡುತ್ತದೆ, ಬಸಿದ ಸೊಪ್ಪು-ಕಾಳು ಪಲ್ಯವಾಗುತ್ತದೆ. ‘ಸಿ’ ಜೀವಸತ್ವ ಮಾತ್ರ ಬಿಸಿಗೆ ಬಹಳಷ್ಟು ಹಾಳಾಗುತ್ತದೆ. ಅದನ್ನು ತುಂಬಲು ಇಳಿಸಿದ ಮೇಲೆ ನಿಂಬೆ ಹಿಂಡಬೇಕು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಕರುಳು ಹೀರುವುದು ಅಷ್ಟಕ್ಕಷ್ಟೇ. ‘ಸಿ’ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹೀರುತ್ತದೆ. ಕಾಫಿ, ಚಹಾ ಇದನ್ನೇ ತಡೆಯುತ್ತವೆ. 1983ರ ಪ್ರಯೋಗವೊಂದರಲ್ಲಿ ಊಟದ ಜೊತೆಗಿನ ಕಾಫಿ ಕಬ್ಬಿಣದ ಹೀರುವಿಕೆಯನ್ನು 39 ಶೇಕಡಾ, ಚಹಾ 64 ಶೇಕಡಾ ತಗ್ಗಿಸಿತು. ಊಟವಾದ ಒಂದು ಗಂಟೆಗೆ ಕುಡಿದ ಕಾಫಿಯದೂ ಅಷ್ಟೇ ಪೆಟ್ಟು; ಊಟಕ್ಕೆ ಒಂದು ಗಂಟೆ ಮೊದಲು ಕುಡಿದದ್ದರಿಂದ ತೊಂದರೆಯಾಗಲಿಲ್ಲ. ತಿಂಡಿಯ ಬೆನ್ನಿಗೇ ಲೋಟ ಹಿಡಿಯುವವರು ಅದನ್ನು ಬೆಳಗ್ಗೆ ಎದ್ದ ಕೂಡಲೇ ಮುಗಿಸಿಕೊಳ್ಳುವುದು ಮೇಲು.

ಕಬ್ಬಿಣದ ಮಾತು ಬಂದರೆ ಬಡಿಸುವವರ ತಟ್ಟೆಯ ಮಾತೂ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ 25 ಶೇಕಡಾ. ಮುಟ್ಟು, ಬಸಿರು, ಬಾಣಂತನದಲ್ಲಿ ಹೋಗುವ ಕಬ್ಬಿಣ ಇದಕ್ಕೆ ಒಂದು ಕಾರಣ. ಎಲ್ಲರದೂ ಆದ ಮೇಲೆ ಕೂತು, ತಳದಲ್ಲಿ ಉಳಿದ ಹುಳಿಯ ತಿಳಿಯಲ್ಲಿ ಅನ್ನ ಕಲಸುವ ರೂಢಿ ಅದಕ್ಕೆ ಸೇರಿಕೊಳ್ಳುತ್ತದೆ. ಹೋಳು, ಬೇಳೆ, ಮೊಟ್ಟೆ ಮೊದಲ ಪಂಕ್ತಿಗೇ ಮುಗಿದಿರುತ್ತವೆ. ಕುಟುಂಬದ ಆಹಾರ ಸುಧಾರಿಸಬೇಕೆಂಬ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ತಾವೇ ಬಡಿಸಿಕೊಳ್ಳುವುದು ಯಾವ ಸೂಪರ್‌ಫುಡ್‌ಗಿಂತಲೂ ಹೆಚ್ಚು ಫಲ ಕೊಡುವ ಬದಲಾವಣೆ. ಅದಕ್ಕೆ ಖರ್ಚೂ ಇಲ್ಲ.

ಅಜ್ಜ-ಅಜ್ಜಿಯರ ತಟ್ಟೆ ಇನ್ನೊಂದು ಬಗೆ. ವಯಸ್ಸಾದಂತೆ ಜೊಲ್ಲು ಕಡಿಮೆ, ಹಲ್ಲು ಕಡಿಮೆ, ಮೂಗಿನ ಚುರುಕೂ ಕಡಿಮೆ. ಊಟ ರುಚಿಸುವುದಿಲ್ಲವೆಂದು ಉಪ್ಪಿನಕಾಯಿ ಹೆಚ್ಚುತ್ತದೆ, ಅಗಿಯಲಾಗುವುದಿಲ್ಲವೆಂದು ಗಂಜಿ, ರವೆ ಉಪ್ಪಿಟ್ಟು, ಹಾಲು-ಬ್ರೆಡ್‌ಗೆ ಊಟ ಇಳಿಯುತ್ತದೆ. ಸ್ನಾಯು ಸವೆಯುವ ವಯಸ್ಸಿನಲ್ಲಿ ಪ್ರೋಟೀನೇ ಹೀಗೆ ಕೈಬಿಡುತ್ತದೆ. ಮಾರ್ಗಸೂಚಿಯ ಲೆಕ್ಕ ಕಿಲೊ ತೂಕಕ್ಕೆ 0.83 ಗ್ರಾಂ, ಅಂದರೆ 60 ಕಿಲೊ ತೂಗುವವರಿಗೆ ದಿನಕ್ಕೆ 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಬಟ್ಟಲು ಮೊಸರಿನಲ್ಲಿ ಅಷ್ಟೇ, 30 ಗ್ರಾಂ ಬೇಳೆಯಲ್ಲಿ ಇನ್ನೊಂದು ಅಷ್ಟು. ಗಂಜಿಗೆ ಹೆಸರುಬೇಳೆ ಬೆರೆಸಿ ಬೇಯಿಸುವುದು, ರಾಗಿ ಅಂಬಲಿಗೆ ನೀರಿನ ಬದಲು ಮಜ್ಜಿಗೆ ಹಾಕುವುದು, ಹುರಿಗಡಲೆ ಪುಡಿಯನ್ನು ಅನ್ನಕ್ಕೆ ಕಲಸಿಕೊಡುವುದು, ತಿನ್ನುವವರಿಗೆ ಮೊಟ್ಟೆಯನ್ನು ಮೆತ್ತಗೆ ಬೇಯಿಸುವುದು ಹಲ್ಲಿಗೂ ಹೊಟ್ಟೆಗೂ ಹಗುರ. ಬಾಯಾರಿಕೆಯ ಅರಿವೂ ಈ ವಯಸ್ಸಿನಲ್ಲಿ ಮಂದವಾಗುವುದರಿಂದ ಕೇಳುವವರೆಗೆ ಕಾಯದೆ ನೀರಿನ ಚೊಂಬನ್ನು ಹೊತ್ತುಹೊತ್ತಿಗೆ ಕೈಗೆಟಕುವಂತೆ ಇಡಬೇಕಾಗುತ್ತದೆ.